ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)





'ಶಿಕ್ಷಣ ಮತ್ತು ಆರೋಗ್ಯ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡರು. ಇದು ಸಮುದ್ರದಷ್ಟು ದೊಡ್ಡ ವಿಷಯ. ನಾನು ಅದರಿಂದ ಒಂದು ಬೊಗಸೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಹೃದಯ ದುರ್ಬಲಗೊಂಡ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತದೆ? ಆಗ ದೂರದಲ್ಲಿರುವ ವೈದ್ಯರು, ನರ್ಸುಗಳು ಮತ್ತು ಮನೆಯಲ್ಲಿರುವ ನೀವು ಏನು ಮಾಡಬಹುದು? ಈ ಎರಡು ಪ್ರಶ್ನೆಗಳಿಗಷ್ಟೇ ನನ್ನ ಮಾತನ್ನು ಸೀಮಿತಗೊಳಿಸುತ್ತೇನೆ.

ಒಂದು ಘಟನೆಯಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಮೀನು ವ್ಯಾಪಾರ ಮಾಡುತ್ತಿದ್ದ ಒಬ್ಬ ಹಾಜಿಯವರು ನಮ್ಮಲ್ಲಿ ದಾಖಲಾದರು. ವಯಸ್ಸು ಅರವತ್ತು ದಾಟಿತ್ತು. ಹಿಂದೊಮ್ಮೆ ಹೃದಯಾಘಾತವಾಗಿತ್ತು. ಈ ಸಲ ಕಾಲು ಬಾತುಕೊಂಡಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಎಂಟು ದಿನಗಳ ಚಿಕಿತ್ಸೆಯಲ್ಲಿ ದೇಹದಲ್ಲಿ ತುಂಬಿದ್ದ ನೀರು ಇಳಿಯಿತು. ನಗುನಗುತ್ತಾ ಎಲ್ಲರಿಗೂ ಸಲಾಂ ಹೇಳಿ ಮನೆಗೆ ಹೋದರು. ಅಂದು ಅವರ ತೂಕ 58 ಕಿಲೋ.

ಹತ್ತೊಂಬತ್ತನೆಯ ದಿನ ರಾತ್ರಿ ಎರಡು ಗಂಟೆಗೆ ಅವರನ್ನು ಮತ್ತೆ ಕರೆತಂದರು. ಕುಳಿತಲ್ಲೇ ಏದುಸಿರು, ಬಾಯಲ್ಲಿ ನೊರೆ. ತೂಕ ಆರೂವರೆ ಕಿಲೋ ಹೆಚ್ಚಿತ್ತು. ಹತ್ತೊಂಬತ್ತು ದಿನಗಳಲ್ಲಿ ಯಾರಿಗೂ ಅಷ್ಟು ಮಾಂಸ ಬೆಳೆಯುವುದಿಲ್ಲ, ಅದೆಲ್ಲ ನೀರು. ನಾವು ಮಾಡುವುದನ್ನೆಲ್ಲ ಮಾಡಿದೆವು. ಬೆಳಗಿನ ಬಾಂಗ್‌ನ ಹೊತ್ತಿಗೆ ಅವರು ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಆಮೇಲೆ ಅವರ ಪತ್ನಿಯೊಡನೆ ಮಾತನಾಡಿದೆ. "ಡಾಕ್ಟ್ರೇ, ಆ ಮಾತ್ರೆ ತಿಂದರೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ವುಝೂ ನಿಲ್ಲುವುದಿಲ್ಲ, ಮಸೀದಿಗೆ ಹೋಗಲಿಕ್ಕೆ ಆಗುವುದಿಲ್ಲ ಅಂತ ಅವರೇ ಬಿಟ್ಟುಬಿಟ್ಟರು" ಎಂದರು. ನಾವು ಕೊಟ್ಟಿದ್ದ ಡಿಸ್ಚಾರ್ಜ್ ಚೀಟಿ ಜಾಗದ ದಾಖಲೆಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿತ್ತು. ಅದು ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ.

ಮಿತ್ರರೇ, ಆ ನೀರಿನ ಮಾತ್ರೆಯ ಪ್ರಭಾವ ಸುಮಾರು ಆರು ಗಂಟೆಗಳ ಕಾಲ ಇರುತ್ತದೆ. ಬೆಳಗ್ಗೆ ಸುಬ್‌ಹಿ ನಮಾಝ್ ಮುಗಿದ ಕೂಡಲೇ ತೆಗೆದುಕೊಂಡಿದ್ದರೆ ಝುಹರ್ ಹೊತ್ತಿಗೆ ತೊಂದರೆ ಬಹುಮಟ್ಟಿಗೆ ಮುಗಿದಿರುತ್ತಿತ್ತು. ಇದನ್ನು ಹೇಳಲು ಎರಡು ನಿಮಿಷದ ಒಂದು ಫೋನ್ ಕರೆ ಸಾಕಿತ್ತು. ಹತ್ತೊಂಬತ್ತು ದಿನಗಳಲ್ಲಿ ನಾವು ಆ ಕರೆ ಮಾಡಲಿಲ್ಲ. ಅವರೂ ಮಾಡಲಿಲ್ಲ, ಡಾಕ್ಟರರಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ತಪ್ಪು ಅವರದ್ದೆಂದು ನಾನು ಹೇಳಲಾರೆ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಹೃದಯ ವೈಫಲ್ಯ ಎಂದರೇನು?

ಹೆಸರು ಕೇಳಿ ಹೆದರಬೇಡಿ. ಹೃದಯ ನಿಂತುಹೋಗಿದೆ ಎಂದು ಇದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸರಾಗವಾಗಿ ಪಂಪು ಮಾಡಲು ಅದಕ್ಕೆ ಆಗುತ್ತಿಲ್ಲ ಎಂದರ್ಥ. ನಮ್ಮ ಜನ 'ಹಾರ್ಟ್ ವೀಕ್' ಎನ್ನುತ್ತಾರೆ. ಹೃದಯಾಘಾತದಲ್ಲಿ ಸ್ನಾಯು ಸತ್ತುಹೋಗುವುದು, ವರ್ಷಗಟ್ಟಲೆ ಹತೋಟಿಗೆ ಬಾರದ ರಕ್ತದೊತ್ತಡ, ಬಾಲ್ಯದ ಕೀಲುವಾತ ಜ್ವರದಿಂದ ಹಾಳಾದ ಕವಾಟ, ಸಕ್ಕರೆ ಕಾಯಿಲೆ ಇವೆಲ್ಲ ಇದಕ್ಕೆ ಕಾರಣಗಳು.

ರಕ್ತದ ಹರಿವು ಕಡಿಮೆಯಾದಾಗ ಮೂತ್ರಪಿಂಡಗಳು ತಪ್ಪು ತಿಳಿಯುತ್ತವೆ. ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದುಕೊಂಡು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಮೊದಲೇ ಸೋತ ಪಂಪಿಗೆ ಇದರಿಂದ ಇನ್ನಷ್ಟು ಹೊರೆ. ನೀರು ಕಾಲಿಗೆ ಇಳಿದರೆ ಬಾವು, ಶ್ವಾಸಕೋಶಕ್ಕೆ ನುಗ್ಗಿದರೆ ಏದುಸಿರು. ಆದರೆ ಬಾವು ಕಣ್ಣಿಗೆ ಬೀಳುವ ಮೊದಲೇ, ಉಸಿರು ಕಟ್ಟುವ ಮೊದಲೇ, ಅನೇಕರಲ್ಲಿ ತೂಕ ಏರತೊಡಗುತ್ತದೆ. ಅಂದರೆ ಅಪಾಯ ಮನೆಯೊಳಗೆ ನುಗ್ಗುವ ಮೊದಲು ಬಾಗಿಲು ತಟ್ಟುತ್ತದೆ. ಆ ಸದ್ದನ್ನು ಕೇಳಿಸಿಕೊಳ್ಳುವವರು ಬೇಕು, ಅಷ್ಟೆ. ದೂರದಿಂದ ನಡೆಸುವ ಆರೈಕೆಗೆ ಇದೇ ಆಧಾರ.

ನಮ್ಮ ದೇಶದ ಸ್ಥಿತಿ

2013ರಲ್ಲಿ ತಿರುವನಂತಪುರದಲ್ಲಿ 1205 ರೋಗಿಗಳನ್ನು ದಾಖಲಿಸಿಕೊಂಡು ಒಂದು ದೊಡ್ಡ ನೋಂದಣಿ ಅಧ್ಯಯನ ನಡೆಯಿತು. ಆ ರೋಗಿಗಳ ಸರಾಸರಿ ವಯಸ್ಸು ಸುಮಾರು 61. ಐದು ವರ್ಷಗಳಲ್ಲಿ ಅವರಲ್ಲಿ ನೂರಕ್ಕೆ 59 ಮಂದಿ ತೀರಿಕೊಂಡಿದ್ದರು. ಬಳಿಕ ದೇಶದ 53 ಆಸ್ಪತ್ರೆಗಳನ್ನು ಸೇರಿಸಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ರಾಷ್ಟ್ರೀಯ ನೋಂದಣಿ ನಡೆಯಿತು. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಮೊದಲ 90 ದಿನಗಳೊಳಗೆ ನೂರರಲ್ಲಿ ಸುಮಾರು 14 ಮಂದಿ ಸಾವನ್ನಪ್ಪಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಈ ಕಾಯಿಲೆ ಹೆಚ್ಚಾಗಿ ಎಪ್ಪತ್ತು ದಾಟಿದವರದ್ದು. ನಮ್ಮಲ್ಲಿ ಅದು ಹತ್ತು ವರ್ಷ ಮೊದಲೇ ಬರುತ್ತಿದೆ. ಮಕ್ಕಳ ಮದುವೆ, ಓದು ಮುಗಿಯದ ವಯಸ್ಸಿನಲ್ಲಿ ಬರುತ್ತಿದೆ.

ಈ ಅಂಕಿಗಳನ್ನು ಹೆದರಿಸಲು ಹೇಳುತ್ತಿಲ್ಲ. ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ 'ಗುಣವಾಯಿತು' ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅತ್ಯಂತ ಎಚ್ಚರದ ದಿನಗಳು ಅಲ್ಲಿಂದಲೇ ಆರಂಭವಾಗುತ್ತವೆ ಎಂಬುದನ್ನು ನಾವು ಮನಗಾಣಬೇಕು.

ಯಂತ್ರವೋ, ಮನುಷ್ಯನೋ?

ದೂರದಲ್ಲಿರುವ ರೋಗಿಯನ್ನು ನೋಡಿಕೊಳ್ಳುವ ಪ್ರಯತ್ನಗಳು ಜಗತ್ತಿನಲ್ಲಿ ಹಲವು ನಡೆದಿವೆ. ಮೂರನ್ನು ಮಾತ್ರ ಹೇಳುತ್ತೇನೆ. ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು.

ಮೊದಲನೆಯದು ಅರ್ಜೆಂಟೀನಾದಲ್ಲಿ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 1518 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ತರಬೇತಿ ಪಡೆದ ನರ್ಸುಗಳು ಒಂದೇ ಕೇಂದ್ರದಿಂದ ನಿಯಮಿತವಾಗಿ ಫೋನ್ ಮಾಡುತ್ತಿದ್ದರು. ಊಟ ಹೇಗಿದೆ, ಮಾತ್ರೆ ತಪ್ಪಿದೆಯೇ, ತೂಕ ಎಷ್ಟು, ಉಸಿರಾಟ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಅವರ ಕೈಯಲ್ಲಿ ಯಾವ ದೊಡ್ಡ ಯಂತ್ರವೂ ಇರಲಿಲ್ಲ. ಆದರೂ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರಿದವರ ಪ್ರಮಾಣ ನೂರಕ್ಕೆ 22ರಿಂದ 17ರ ಆಸುಪಾಸಿಗೆ ಇಳಿಯಿತು.

ಎರಡನೆಯದು ಅಮೆರಿಕದಲ್ಲಿ, 2010ರಲ್ಲಿ ಪ್ರಕಟವಾದದ್ದು. 1653 ರೋಗಿಗಳು. ಇಲ್ಲಿ ಪ್ರತಿದಿನ ಪ್ರಶ್ನೆ ಕೇಳುತ್ತಿದ್ದುದು ಮನುಷ್ಯನಲ್ಲ, ಯಂತ್ರದ ಧ್ವನಿ. ರೋಗಿ ಫೋನಿನ ಗುಂಡಿ ಒತ್ತಿ ಉತ್ತರಿಸಬೇಕು. ಆ ಉತ್ತರಗಳನ್ನು ಆಸ್ಪತ್ರೆಯವರು ನೋಡುತ್ತಾರೆ. ಆರು ತಿಂಗಳ ಕೊನೆಗೆ ಯಾವ ಪ್ರಯೋಜನವೂ ಕಾಣಲಿಲ್ಲ. ನೂರಕ್ಕೆ 14 ಮಂದಿ ಒಮ್ಮೆಯೂ ಕರೆ ಮಾಡಿರಲಿಲ್ಲ. ಉಳಿದವರಲ್ಲೂ ಅನೇಕರು ಕ್ರಮೇಣ ಬಿಟ್ಟುಬಿಟ್ಟರು. ಯಂತ್ರದ ಮುಂದೆ ಕಷ್ಟ ಹೇಳಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ಮೂರನೆಯದು ಜರ್ಮನಿಯಲ್ಲಿ, 2018ರಲ್ಲಿ ಪ್ರಕಟವಾದದ್ದು. 1571 ರೋಗಿಗಳು. ಇಲ್ಲಿ ಯಂತ್ರವೂ ಇತ್ತು, ಮನುಷ್ಯನೂ ಇದ್ದ. ರೋಗಿ ಮನೆಯಲ್ಲೇ ದಿನವೂ ತೂಕ, ರಕ್ತದೊತ್ತಡ, ಇ.ಸಿ.ಜಿ., ರಕ್ತದ ಆಮ್ಲಜನಕ ಅಳೆದರೆ ಅದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕೇಂದ್ರಕ್ಕೆ ತಲುಪುತ್ತಿತ್ತು. ಅಲ್ಲಿ ವೈದ್ಯರೂ ನರ್ಸುಗಳೂ ಹಗಲೂ ರಾತ್ರಿ ಎಚ್ಚರದಲ್ಲಿರುತ್ತಿದ್ದರು. ವರ್ಷಕ್ಕೆ ನೂರರಲ್ಲಿ 11 ಸಾವು ಎಂಬಂತಿದ್ದದ್ದು ಸುಮಾರು 8ಕ್ಕೆ ಇಳಿಯಿತು.

ಈ ಮೂರರಿಂದ ನಾನು ಕಲಿತ ಪಾಠ ಇದು: ಅಂಕಿಯನ್ನು ಕಳುಹಿಸುವುದು ಮುಖ್ಯವಲ್ಲ, ಆ ಅಂಕಿಯನ್ನು ನೋಡಿ ಅದೇ ದಿನ ಏನಾದರೂ ಮಾಡುವವರು ಇರುವುದು ಮುಖ್ಯ.

ನಮ್ಮ ಕರ್ನಾಟಕವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ನಮ್ಮ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಹಳ್ಳಿಯ ವೈದ್ಯರನ್ನು ವಾಟ್ಸಾಪ್ ಮೂಲಕ ಒಗ್ಗೂಡಿಸಿ, ಹಳ್ಳಿಗಳಿಗೆ ಇ.ಸಿ.ಜಿ. ಯಂತ್ರ ತಲುಪಿಸುವ ಕೆಲಸ ಆರಂಭಿಸಿದ್ದು ನಿಮಗೆ ಗೊತ್ತಿರಬಹುದು. ಅದು ಮುಖ್ಯವಾಗಿ ಹೃದಯಾಘಾತವನ್ನು ಬೇಗ ಗುರುತಿಸಲು. ಆದರೆ ಸಾಮಾನ್ಯ ಮೊಬೈಲಿನಿಂದ ಎಷ್ಟು ದೊಡ್ಡ ಕೆಲಸ ಸಾಧ್ಯ ಎಂಬುದನ್ನು ಅದು ತೋರಿಸಿಕೊಟ್ಟಿತು. 2020ರ ಮಾರ್ಚ್ 25ರಂದು ಕೇಂದ್ರ ಸರಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟಿಸಿತು. ಅದೇ ಕಾಯಿಲೆಗೆ ಹಿಂದಿನ ಆರು ತಿಂಗಳೊಳಗೆ ನೇರವಾಗಿ ನೋಡಿದ ರೋಗಿಯನ್ನು ವೈದ್ಯರು ಫೋನಿನಲ್ಲಿ ಮುಂದುವರಿಸಿ ನೋಡುವುದಕ್ಕೆ ಅದರಲ್ಲಿ ಸ್ಪಷ್ಟ ಅವಕಾಶವಿದೆ. ಆದ್ದರಿಂದ ಫೋನ್ ಮಾಡಲು ಸಂಕೋಚ ಬೇಡ. ಡಿಸ್ಚಾರ್ಜ್ ದಿನವೇ ಕೇಳಿ: "ತೊಂದರೆಯಾದರೆ ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನ್ ಮಾಡಬೇಕು?" ಉತ್ತರ ಸಿಗದೆ ಅಲ್ಲಿಂದ ಹೊರಡಬೇಡಿ.

ಮನೆಯಲ್ಲಿ ಮಾಡಬೇಕಾದದ್ದು

ಒಂದು ತೂಕದ ಯಂತ್ರ, ಒಂದು ನೋಟ್ ಪುಸ್ತಕ, ಒಂದು ಪೆನ್ನು. ಸಾಧಾರಣ ಡಿಜಿಟಲ್ ತೂಕದ ಯಂತ್ರ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ದಿನವೂ ಬೆಳಗ್ಗೆ, ಮೂತ್ರ ಮಾಡಿ ಬಂದ ಮೇಲೆ, ಚಹಾ ಕುಡಿಯುವ ಮೊದಲು, ಒಂದೇ ತರಹದ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ ಇಟ್ಟು ತೂಕ ನೋಡಬೇಕು. ತಾರೀಕಿನೊಡನೆ ಬರೆಯಬೇಕು. ಪುಸ್ತಕದ ಮೊದಲ ಪುಟದಲ್ಲಿ ಡಿಸ್ಚಾರ್ಜ್ ದಿನದ ತೂಕ ಇರಲಿ.

ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದೇ ದಿನ ಫೋನ್ ಮಾಡಿ. ಕಾಲು ಬಾತರೆ, ದಿಂಬಿನ ಸಂಖ್ಯೆ ಒಂದರಿಂದ ಎರಡಕ್ಕೆ ಏರಿದರೆ, ರಾತ್ರಿ ಉಸಿರುಕಟ್ಟಿ ಎದ್ದು ಕುಳಿತರೆ, ತೂಕ ಏರದಿದ್ದರೂ ಫೋನ್ ಮಾಡಿ. ವಾಂತಿ ಭೇದಿಯಾದರೆ ಆಗಲೂ ಮಾಡಿ. ಆಗ ಮಾತ್ರೆಗಳನ್ನು ಕೆಲ ದಿನ ಬದಲಾಯಿಸಬೇಕಾಗಬಹುದು. ಆ ತೀರ್ಮಾನ ವೈದ್ಯರದ್ದು, ನೆರೆಮನೆಯವರದ್ದಲ್ಲ.

ಇನ್ನು ಉಪ್ಪು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಹೆಚ್ಚಾಗಬಾರದು. "ನಮ್ಮ ಮನೆಯ ಸಾರಿಗೆ ಉಪ್ಪೇ ಹಾಕುವುದಿಲ್ಲ" ಎನ್ನುತ್ತಾರೆ. ಆಮೇಲೆ ವಿಚಾರಿಸಿದರೆ ಗಂಜಿಯ ಜೊತೆ ಒಣಮೀನಿನ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ! ಕರಾವಳಿಯ ಉಪ್ಪು ಅಡಗಿರುವುದು ಅಲ್ಲಿ. ರೋಗಿಯನ್ನು ನೋಡಲು ಬರುವವರು ತರುವ ಮಿಕ್ಸ್ಚರು, ಬೇಕರಿ ತಿಂಡಿಗಳಲ್ಲೂ ಅದೇ. ಉಪ್ಪಿನ ಬದಲಿಗೆಂದು ಮಾರುವ 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಎಳನೀರಿನಲ್ಲೂ ಅದು ಧಾರಾಳ. ಈ ಕಾಯಿಲೆಯ ಕೆಲವು ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸುವಂಥವು. ಎರಡೂ ಸೇರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಕೇಳದೆ ಇವನ್ನು ರೂಢಿ ಮಾಡಿಕೊಳ್ಳಬೇಡಿ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲುವಂತೆ ಮಾಡುತ್ತವೆ, ಇವೂ ಬೇಡ.

ರಮಝಾನಿನ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಅನಾರೋಗ್ಯದಲ್ಲಿರುವವರಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಪವಿತ್ರ ಕುರ್‌ಆನ್‌ನಿಂದಲೇ ಸ್ಪಷ್ಟ. ಆದರೂ ನಮ್ಮ ಹಿರಿಯರು ವೈದ್ಯರಿಗೆ ಹೇಳದೆ ಉಪವಾಸ ಹಿಡಿಯುತ್ತಾರೆ, ಮಧ್ಯಾಹ್ನದ ಮಾತ್ರೆಯನ್ನು ತಾವೇ ಬಿಡುತ್ತಾರೆ. ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿ. ಸ್ಥಿತಿ ಸ್ಥಿರವಾಗಿರುವ ಕೆಲವರಿಗೆ ಮಾತ್ರೆಯ ಹೊತ್ತು ಬದಲಿಸಿ ಅನುಮತಿ ಕೊಡಲು ಸಾಧ್ಯವಾಗಬಹುದು. ಇತ್ತೀಚೆಗೆ ಆಸ್ಪತ್ರೆಯಿಂದ ಬಂದವರಿಗೆ, ನೀರಿನ ಮಾತ್ರೆ ಹೆಚ್ಚಿರುವವರಿಗೆ ಬೇಡವೆಂದೇ ಹೇಳುತ್ತೇವೆ. ಧಾರ್ಮಿಕ ಪ್ರಶ್ನೆಯನ್ನು ಉಸ್ತಾದರಲ್ಲಿ ಕೇಳಿ, ಆರೋಗ್ಯದ ಪ್ರಶ್ನೆಯನ್ನು ವೈದ್ಯರಲ್ಲಿ ಕೇಳಿ. ಇಬ್ಬರ ಮಾತೂ ಒಂದೇ ಆಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಫೋನಿನ ಮಿತಿ

ಎಲ್ಲವೂ ಫೋನಿನಲ್ಲೇ ಮುಗಿಯುತ್ತದೆ ಎಂದು ತಿಳಿಯಬೇಡಿ. ಇಂದು ಈ ಕಾಯಿಲೆಗೆ ಆಯುಸ್ಸು ಹೆಚ್ಚಿಸುವ ಒಳ್ಳೆಯ ಔಷಧಿಗಳಿವೆ. ಅವನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಬೇಕು. ಅದಕ್ಕೆ ರಕ್ತ ಪರೀಕ್ಷೆ ಬೇಕು, ಕೈಯಿಟ್ಟು ನೋಡಬೇಕು. 2022ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಬಿಡುಗಡೆಯಾದ ಮೊದಲ ಎರಡು ತಿಂಗಳಲ್ಲಿ ಪದೇ ಪದೇ ಕರೆಸಿ ನೋಡಿ ಔಷಧಿ ಏರಿಸಿದವರಲ್ಲಿ, ಆರು ತಿಂಗಳೊಳಗೆ ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಮರುದಾಖಲಾತಿ ನೂರಕ್ಕೆ 23ರಿಂದ 15ಕ್ಕೆ ಇಳಿದಿತ್ತು. ಹಾಗಾಗಿ ಕರೆದ ದಿನ ಬರಲೇಬೇಕು. ಎದೆನೋವು, ಎಚ್ಚರ ತಪ್ಪುವುದು, ಕುಳಿತಲ್ಲೇ ಉಸಿರು ಸಾಲದಿರುವುದು ಕಂಡರೆ ವಾಟ್ಸಾಪಿನಲ್ಲಿ ಸಂದೇಶ ಕಳುಹಿಸಿ ಉತ್ತರಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ವಿದ್ಯಾರ್ಥಿಗಳೇ, ಈಗ ನಿಮ್ಮ ಸರದಿ

ನಮ್ಮ ಸಮುದಾಯದ ಮನೆಗಳ ಪರಿಸ್ಥಿತಿ ನಿಮಗೆ ತಿಳಿದದ್ದೇ. ದುಡಿಯುವ ಮಗ ಗಲ್ಫ್‌ನಲ್ಲಿ. ಮನೆಯಲ್ಲಿ ವಯಸ್ಸಾದ ತಂದೆ ತಾಯಿ, ಸೊಸೆ, ಸಣ್ಣ ಮಕ್ಕಳು. ಮಗ ಹಣ ಕಳುಹಿಸುತ್ತಾನೆ, ದಿನವೂ ವಿಚಾರಿಸುತ್ತಾನೆ. "ಉಪ್ಪ ಹೇಗಿದ್ದಾರೆ?" "ಹುಷಾರಿದ್ದಾರೆ." ಇಲ್ಲಿಗೆ ಮಾತು ಮುಗಿಯುತ್ತದೆ. ಆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ. "ಉಪ್ಪನ ತೂಕ ಇವತ್ತು ಎಷ್ಟು? ರಾತ್ರಿ ಎಷ್ಟು ದಿಂಬು ಇಟ್ಟು ಮಲಗಿದರು?" ಎಂದು ಕೇಳಿ. ಸಾವಿರಾರು ಮೈಲಿ ದೂರದಿಂದಲೂ ತಂದೆಯ ಸೇವೆ ಮಾಡುವ ದಾರಿ ಇದು.

ನಮ್ಮ ಮಹಿಳಾ ರೋಗಿಯೊಬ್ಬರ ಮೊಮ್ಮಗಳು ಪಿಯುಸಿ ಓದುತ್ತಿದ್ದಳು. ಡಿಸ್ಚಾರ್ಜ್ ದಿನ ಚೀಟಿಯನ್ನು ಹಿಡಿದುಕೊಂಡು ನನ್ನ ಮುಂದೆ ನಿಂತು, ಪ್ರತಿ ಮಾತ್ರೆ ಯಾಕೆಂದು ಕೇಳಿ ಕನ್ನಡದಲ್ಲಿ ಬರೆದುಕೊಂಡಳು. ನಿಜ ಹೇಳಬೇಕೆಂದರೆ ಹೊರಗೆ ರೋಗಿಗಳ ಸಾಲಿತ್ತು, ನನಗೆ ಸ್ವಲ್ಪ ಬೇಸರವೇ ಆಗಿತ್ತು. ಮೂರನೆಯ ವಾರ ಅವಳ ಫೋನ್ ಬಂತು. "ಡಾಕ್ಟ್ರೇ, ಅಜ್ಜಿಯ ತೂಕ ಮೂರು ದಿನದಲ್ಲಿ ಎರಡು ಕಿಲೋ ನಾನೂರು ಗ್ರಾಂ ಜಾಸ್ತಿಯಾಗಿದೆ. ಬೇರೆ ತೊಂದರೆ ಇಲ್ಲ ಅಂತಾರೆ. ಮೊನ್ನೆ ಮದುವೆ ಊಟಕ್ಕೆ ಹೋಗಿದ್ದರು." ನೀರಿನ ಮಾತ್ರೆಯನ್ನು ಕೆಲ ದಿನ ಹೆಚ್ಚಿಸಿದೆ, ರಕ್ತ ಪರೀಕ್ಷೆಗೆ ಹೇಳಿದೆ. ನಾಲ್ಕನೆಯ ದಿನ ತೂಕ ಮೊದಲಿನಂತಾಯಿತು. ಆ ಅಜ್ಜಿ ಆ ಸಲ ಆಸ್ಪತ್ರೆಗೆ ದಾಖಲಾಗಲೇ ಇಲ್ಲ. ಆ ಹುಡುಗಿ ವೈದ್ಯಳಲ್ಲ, ವಿಜ್ಞಾನ ವಿಭಾಗದವಳೂ ಅಲ್ಲ, ವಾಣಿಜ್ಯ ವಿಭಾಗದವಳು. ಅವಳಿಗೆ ಗೊತ್ತಿದ್ದದ್ದು ಓದುವುದು, ಬರೆಯುವುದು, ಕೂಡಿ ಕಳೆಯುವುದು. ಶಿಕ್ಷಣವೆಂದರೆ ಪದವಿ, ನೌಕರಿ ಎಂದು ಮಾತ್ರ ತಿಳಿದವರು ಆ ನೋಟ್ ಪುಸ್ತಕವನ್ನೊಮ್ಮೆ ನೋಡಬೇಕಿತ್ತು.

ಆದ್ದರಿಂದ ಸಂಘದ ಮುಂದೆ ನನ್ನದೊಂದು ವಿನಂತಿ. ಪ್ರತಿ ಜಮಾಅತ್‌ನಲ್ಲಿ ನಾಲ್ಕೈದು ವಿದ್ಯಾರ್ಥಿಗಳ, ವಿದ್ಯಾರ್ಥಿನಿಯರ ತಂಡ ಮಾಡೋಣ. ಆಸ್ಪತ್ರೆಯಿಂದ ಬಂದ ಹೃದಯ ರೋಗಿಗಳಿಗೆ, ಅವರ ಒಪ್ಪಿಗೆ ಪಡೆದು, ಮೊದಲ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ಒಂದು ಸಲ ಫೋನ್ ಮಾಡಿ. ಕೇಳಬೇಕಾದದ್ದು ನಾಲ್ಕೇ: ತೂಕ ಎಷ್ಟು? ಉಸಿರಾಟ ಹೇಗಿದೆ? ಮಾತ್ರೆ ಮುಗಿದಿದೆಯೇ, ಬಿಟ್ಟಿದ್ದೀರಾ? ಮುಂದಿನ ಭೇಟಿ ಯಾವಾಗ? ಮಾತ್ರೆಯ ಪ್ರಮಾಣದ ಬಗ್ಗೆ ನೀವು ಸಲಹೆ ಕೊಡಬಾರದು; ಏರುಪೇರು ಕಂಡರೆ ವೈದ್ಯರಿಗೆ ತಿಳಿಸಬೇಕು. ಕೇಳಿದ ವಿಷಯವನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಬಾರದು, ಅದು ಅಮಾನತ್. ತೂಕದ ಯಂತ್ರ ಕೊಳ್ಳಲಾಗದ ಮನೆಗಳಿಗೆ ಸಂಘ ಅದನ್ನು ಒದಗಿಸಲಿ.

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕು ಎಂದು ಪ್ರವಾದಿ(ಸ)ರವರು ನಮಗೆ ಕಲಿಸಿದ್ದಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಈ ಹಕ್ಕನ್ನು ನಾವು ಚೆನ್ನಾಗಿಯೇ ಪೂರೈಸುತ್ತೇವೆ. ನರ್ಸುಗಳು ಗದರಿಸುವಷ್ಟು ಜನ ಸೇರುತ್ತೇವೆ. ಮನೆಗೆ ಬಂದ ಎರಡನೆಯ ವಾರದಲ್ಲಿ, ಮೂರನೆಯ ವಾರದಲ್ಲಿ ಯಾರೂ ಇರುವುದಿಲ್ಲ. ರೋಗಿಗೆ ನಾವು ಬೇಕಾಗಿರುವುದು ಆಗಲೇ. ಮತ, ಜಾತಿ ನೋಡದೆ ನೆರೆಯವರಿಗೂ ಈ ಸೇವೆ ಸಲ್ಲಲಿ.

ಆ ಹಾಜಿಯವರ ಹೆಸರು, ಫೋನ್ ನಂಬರ್ ಇಂದಿಗೂ ನನ್ನ ಮೊಬೈಲಿನಲ್ಲಿದೆ. ಅಳಿಸಿಲ್ಲ. ಡಿಸ್ಚಾರ್ಜ್ ಆದ ರೋಗಿಯ ಪಟ್ಟಿ ನೋಡುವಾಗಲೆಲ್ಲ ಅದು ನೆನಪಾಗುತ್ತದೆ, ಕೈ ಫೋನಿನ ಕಡೆಗೆ ಹೋಗುತ್ತದೆ. ಇಂದು ಮನೆಗೆ ಹೋದ ಮೇಲೆ ನೀವೂ ಒಂದು ಕರೆ ಮಾಡಿ. ನಿಮ್ಮ ಬಂಧುಗಳಲ್ಲಿ, ನೆರೆಯಲ್ಲಿ ಇತ್ತೀಚೆಗೆ ಆಸ್ಪತ್ರೆಯಿಂದ ಬಂದವರು ಯಾರಾದರೂ ಇದ್ದೇ ಇರುತ್ತಾರೆ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆ ಮಾಡುವ ತೌಫೀಕ್ ನಮಗೆ ಕರುಣಿಸಲಿ. ಆಮೀನ್.